ಮುದ್ದೆ ನುಂಗುವ ಅಭ್ಯಾಸ

ಬೆಟ್ಟದ ಬುಡದ ಹಳ್ಳಿ ಕಳವಾರದ ನಮ್ಮ ಮನೆಯಲ್ಲಿ, ಬೆಟ್ಟ ನೋಡಲು ಬರುವವರಿಗೆ ನಾನು ಊಟ ಬಡಿಸುತ್ತೇನೆ. ಮೊದಲು ಬಂದವರು ಬೆಳಗಾವಿಯ ದಂಪತಿ. ದಾರಿಯಲ್ಲಿ ನಮ್ಮ ಸೀಮೆಯ ದ್ರಾಕ್ಷಿ ತೋಟವೊಂದನ್ನು ನೋಡಿ, ಅಲ್ಲಿಂದ ಒಂದು ಬಾಟಲಿ ವೈನ್ ತಂದಿದ್ದರು.

ರಾಗಿ ಮುದ್ದೆ, ಬಸ್ಸಾರು ಬಡಿಸಿದೆ. ಆಕೆ ಮುದ್ದೆಯನ್ನು ರೊಟ್ಟಿಯಂತೆ ಅಗಿಯತೊಡಗಿದರು. ಅಗಿದಷ್ಟೂ ಅದು ಹಲ್ಲಿಗೆ ಮೆತ್ತಿಕೊಂಡಿತು. ಅತಿಥಿಗೆ ಉಣ್ಣುವುದನ್ನು ಹೇಳಿಕೊಡಲು ನನಗೆ ಸಂಕೋಚ. ಹೇಳದಿದ್ದರೆ ನನ್ನ ಮೊದಲ ಅಡುಗೆಯೇ ತಟ್ಟೆಯಲ್ಲಿ ಉಳಿಯುತ್ತಿತ್ತು.

“ಅಗೀಬೇಡಿ ಅಮ್ಮ, ಸಾರಲ್ಲಿ ಅದ್ದಿ ನುಂಗ್ಬಿಡಿ,” ಎಂದೆ.

“ಹಂಗ ನುಂಗಿದ್ರ ರುಚಿ ಹೆಂಗ ಗೊತ್ತಾಗ್ತದ್ರೀ?” ಎಂದು ನಕ್ಕರು. ಆದರೂ ನುಂಗಿದರು. ಬಳಿಕ ತಾವಾಗಿಯೇ ಕೇಳಿ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಊಟವಾದ ಮೇಲೆ ಲೋಟದಲ್ಲಿ ನನಗೂ ಸ್ವಲ್ಪ ವೈನ್ ಕೊಟ್ಟರು. ನಾನು ಎಂದೂ ಕುಡಿದವಳಲ್ಲ, ಆದರೆ ಬೇಡವೆನ್ನಲು ನಾಚಿಕೆಯಾಯಿತು.

“ತಡೀರಿ, ಬಾಯಾಗ ಇಟ್ಕೊಂಡು ಹೊರಳಾಡಸ್ರಿ, ಒಮ್ಮೆಲೇ ನುಂಗಬ್ಯಾಡ್ರಿ,” ಎಂದು ಆಕೆ ಹೇಳಿ ಮುಗಿಸುವಷ್ಟರಲ್ಲಿ ನಾನು ನುಂಗಿಯಾಗಿತ್ತು.

“ಹೆಂಗೈತ್ರೀ ರುಚಿ?”

“ಗೊತ್ತಾಗ್ಲಿಲ್ಲ ಅಮ್ಮ.”

ಗಂಡ ಹೆಂಡತಿ ಇಬ್ಬರೂ ನಕ್ಕರು. ಮುದ್ದೆಯನ್ನು ಆಕೆ ಮತ್ತೆ ಕೇಳಿದ್ದರು. ಇನ್ನೊಂದು ಗುಟುಕು ವೈನ್ ಕೇಳಲು ನನಗೆ ಬಾಯಿ ಬರಲಿಲ್ಲ. ಆದಕಾರಣ ನಮ್ಮ ಸೀಮೆಯ ದ್ರಾಕ್ಷಿಯ ವೈನ್ ಹೇಗಿರುತ್ತದೆಂದು ಕೇಳುವವರಿಗೆ, ಬೆಳಗಾವಿಯವರನ್ನು ವಿಚಾರಿಸಿ ಎನ್ನುತ್ತೇನೆ.