ತಾಯಿ ಕಡೆಯಿಂದ ಬಂದದ್ದು

ಬೊಮ್ಮಸಂದ್ರದ ಮಾತ್ರೆ ಫ್ಯಾಕ್ಟರಿಯಲ್ಲಿ ನನ್ನನ್ನು ಸೋಮಾರಿ ಎನ್ನದವರು ಕ್ಯಾಂಟೀನಿನವರು ಮಾತ್ರ. ಊಟದ ಸಾಲಿಗೆ ನಾನು ಎಂದೂ ತಡವಾಗಿ ಹೋದವನಲ್ಲ. ಮೆಟ್ಟಿಲು ಹತ್ತಿದರೆ ತೊಡೆ ಸೋಲುತ್ತಿತ್ತು, ಮಧ್ಯಾಹ್ನ ಕಳೆದರೆ ರೆಪ್ಪೆ ತಾನಾಗಿ ಜೋತುಬೀಳುತ್ತಿತ್ತು. ನಿದ್ದೆ ಮಾಡುತ್ತಿದ್ದೇನೆಂದು ಸೂಪರ್‌ವೈಸರ್ ಬೈಯುತ್ತಿದ್ದರು. ವರ್ತೂರಿನ ನಮ್ಮ ಮನೆಯಲ್ಲಿ ಅಮ್ಮನ ತೀರ್ಪು ಬೇರೆ: ಇದು ಅಪ್ಪನ ವಂಶದ ದೋಷ. ತೀರಿಹೋದ ಅಪ್ಪ ಊಟವಾದ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದರು, ಅದೇ ಸಾಕ್ಷಿ. ಹಾಗಾಗಿ ಅಪ್ಪನ ಮನೆದೇವರಿಗೆ ಹರಕೆ ಹೊತ್ತು, ಶನಿವಾರ ಶನಿವಾರ ನನ್ನಿಂದ ಉಪವಾಸ ಮಾಡಿಸುತ್ತಿದ್ದಳು. ಭಾನುವಾರ ನನಗೆ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ಭಕ್ತಿ ಸಾಲದೆಂದು ಅಮ್ಮ ಉಪವಾಸದ ದಿನ ಕೊಡುತ್ತಿದ್ದ ಹಾಲನ್ನೂ ನಿಲ್ಲಿಸಿದಳು.

ಕೊನೆಗೆ ಆಸ್ಪತ್ರೆಯಲ್ಲಿ ತೊಡೆಯ ಮಾಂಸದ ಚೂರು ತೆಗೆದು ಪರೀಕ್ಷಿಸಿದರು. ಜೀವಕೋಶಗಳೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ, ತಿಂದದ್ದನ್ನು ಶಕ್ತಿ ಮಾಡುವುದು ಅವೇ, ನಿಮ್ಮವು ಸರಿಯಾಗಿ ಉರಿಯುತ್ತಿಲ್ಲ ಎಂದರು ಡಾಕ್ಟರಮ್ಮ. ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲವಂತೆ. ಕೆಲವು ವಿಟಮಿನ್ ಮಾತ್ರೆ, ಹದವಾದ ನಡಿಗೆ, ಬೇಕಾದರೆ ಮುಂದೆ ರೆಪ್ಪೆಗೊಂದು ಸಣ್ಣ ಆಪರೇಷನ್. ಉಪವಾಸವಂತೂ ಕೂಡದು. ಜೊತೆಗೆ ಬಂದಿದ್ದ ಅಮ್ಮ ತಲೆ ತಗ್ಗಿಸಿದಳು. ನನಗೆ ಮಾತ್ರ ಸೋಮಾರಿಯಲ್ಲ ಎಂದು ಗೊತ್ತಾದದ್ದೇ ಖುಷಿ.

ಆ ಖುಷಿ ನಿಲ್ಲಲಿಲ್ಲ. ಮನೆಯಲ್ಲಿ ಪುಟ್ಟ ಮಗಳಿದ್ದಾಳೆ. ಮೂಗು, ಕಿವಿ, ಸಿಟ್ಟು ಎಲ್ಲದರಲ್ಲೂ ನನ್ನದೇ ಪಡಿಯಚ್ಚು. ಆಟ ಬಿಟ್ಟು ಅವಳು ಒಂದು ಗಳಿಗೆ ಕೂತರೂ ನಾನು ಅವಳ ರೆಪ್ಪೆಯನ್ನೇ ನೋಡುತ್ತಿದ್ದೆ. ಅವಳಿಗೂ ಬರುತ್ತದೆಯೇ ಎಂದು ಹೇಗೋ ಕೇಳಿದೆ.

"ಇಲ್ಲ. ನಿಮ್ಮಲ್ಲಿ ದೋಷ ಇರೋದು ಮೈಟೊಕಾಂಡ್ರಿಯದ್ದೇ ಜೀನ್‌ನಲ್ಲಿ. ಅದು ತಾಯಿಯಿಂದ ಮಾತ್ರ ಬರತ್ತೆ, ತಾಯಿಗೆ ಏನೂ ಕಾಣಿಸದಿದ್ರೂ. ತಂದೆಯಿಂದ ಮಕ್ಕಳಿಗೆ ಹೋಗಲ್ಲ," ಎಂದರು ಡಾಕ್ಟರಮ್ಮ.

ಕುರ್ಚಿಯಲ್ಲೇ ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ, ಅಷ್ಟು ಹಗುರವಾಗಿತ್ತು.

ಬಸ್ ಸ್ಟಾಪಿನಲ್ಲಿ ಅಮ್ಮ ಸೆರಗಿನಿಂದ ಬೆಂಚು ಒರೆಸಿ ನನ್ನನ್ನು ಕೂರಿಸಿದಳು. ಅಷ್ಟು ವರ್ಷ ಅಪ್ಪನ ವಂಶ ಜಾಲಾಡಿದವಳಿಗೆ ಕಾಯಿಲೆ ತನ್ನಿಂದಲೇ ಬಂದದ್ದೆಂದು ಗೊತ್ತಾಗಿತ್ತು. ಬೇರೆ ದಿನವಾಗಿದ್ದರೆ, ಪಾಪ, ನೀನು ತಪ್ಪು ದೇವರನ್ನು ಕಾಡಿದೆಯಲ್ಲ ಎಂದು ರೇಗಿಸುತ್ತಿದ್ದೆ. ಅಂದು ಬೇಜಾರು ಮಾಡಿಕೊಳ್ಳಬೇಡ ಎಂದಷ್ಟೇ ಹೇಳಿದೆ. ಬಸ್ಸು ಬಂದಾಗ ನನ್ನ ತೋಳು ಹಿಡಿದು ಹತ್ತಿಸಿದಳು. ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುತ್ತ ಹೇಳಿದಳು:

"ನಿಂಗೊಂದು ತಂಗಿ ಉಟ್ಲಿಲ್ಲ ಅಂತ ಎಷ್ಟ್ ಅತ್ತಿದ್ನೋ ಕಣಪ್ಪ. ಉಟ್ಟಿದ್ರೆ ಅವಳ ಮಕ್ಳಿಗೂ ಓಗ್ತಿತ್ತು. ನಿನ್ನತ್ರಾನೇ ನಿಂತೋಯ್ತಲ್ಲ, ಸಾಕು ಬಿಡು."