ಭೇದಿಯಾದಾಗ ನೀರು ಕೊಡಬಾರದು

ಅರವತ್ತರ ದಶಕದಲ್ಲಿ ನಾನು ಕೊಡಿಗೇನಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರು. ಜೀರ್ಣಾಂಗದ ಕಾಯಿಲೆಗಳನ್ನು ಮಕ್ಕಳಿಗೆ ಉರು ಹೊಡೆಸಿ ಹೊಡೆಸಿ ಗಂಟಲು ಹರಿದುಹೋಗಿತ್ತು. ಮಲಬದ್ಧತೆಗೆ ಸೊಪ್ಪು ತರಕಾರಿಯಿಲ್ಲದ ಊಟ ಕಾರಣ. ಕಾಮಾಲೆಗೆ ಯಕೃತ್ತು ಕೆಡುವುದು. ಅತಿಸಾರಕ್ಕೆ, ಅಂದರೆ ಭೇದಿಗೆ, ಕೊಳಕು ನೀರು, ನೊಣ ಕೂತ ತಿಂಡಿ. ಪುರವರದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಮಾತ್ರ ಕೇಳಿದ ಕೂಡಲೇ ಪಟಪಟ ಹೇಳುತ್ತಿದ್ದಳು. ಅವರ ಮನೆಯಲ್ಲಿ ಎಸ್ಸೆಸ್ಸೆಲ್ಸಿಗೆ ಕೂರುತ್ತಿದ್ದ ಮೊದಲ ಹೆಣ್ಣುಮಗಳು. ಈ ಸಲ ತಪ್ಪಿದರೆ ಮದುವೆಯೇ ಎಂದು ಅವಳಪ್ಪ ಹೇಳಿಬಿಟ್ಟಿದ್ದ.

ವಿಜ್ಞಾನ ಪರೀಕ್ಷೆಯ ಹಿಂದಿನ ದಿನ ಅವಳಿಗೆ ಭೇದಿ ಹತ್ತಿಕೊಂಡಿದೆ ಎಂದು ಸುದ್ದಿ ಬಂತು. ಬಸ್ಸು ಹಿಡಿದು ಓಡಿದೆ. ತುಟಿ ಒಣಗಿ, ಕಣ್ಣು ಗುಳಿಬಿದ್ದು ಮಲಗಿದ್ದಳು. ಬೆಳಗಿನಿಂದ ಒಂದು ಹನಿ ನೀರು ಕೊಟ್ಟಿರಲಿಲ್ಲ!

"ನೀರ್ ಕೊಟ್ರೆ ಇನ್ನೂ ನೀರ್ ನೀರೇ ಹೋಯ್ತದೆ ಮೇಷ್ಟ್ರೇ," ಎಂದು ಅವಳಜ್ಜಿ ಅಡ್ಡ ಬಂದಳು. "ಹೊಕ್ಕುಳು ಜಾರೈತೆ. ಹೊಟ್ಟೆ ನೀವೋಳ್ನ ಕರ್ಕೊಂಡ್ ಬರಕ್ಕೆ ಹೋಗವ್ನೆ ನನ್ ಮಗ."

"ಎಂಥ ಹೊಕ್ಕುಳು ನಿಮ್ಮ ತಲೆ! ಹುಡುಗಿ ಒಣಗಿ ಹೋಗ್ತಾ ಇದಾಳೆ," ಎಂದು ರೇಗಿದೆ. ಅವಳ ಕಡೆ ತಿರುಗಿ, "ನೀನೇ ಹೇಳಮ್ಮ, ಅತಿಸಾರದಲ್ಲಿ ಏನಾಗ್ತದೆ?" ಎಂದೆ.

ಕಣ್ಣು ಮುಚ್ಚಿಕೊಂಡೇ ಒಂದಕ್ಷರ ತಪ್ಪದೆ ಒಪ್ಪಿಸಿದಳು: "ದೊಡ್ಡ ಕರುಳು ನೀರನ್ನು ಹೀರಿಕೊಳ್ಳುವುದಿಲ್ಲ. ದೇಹದ ನೀರು, ಲವಣ ನಷ್ಟವಾಗುತ್ತವೆ. ರೋಗಿಗೆ ಕಾಯಿಸಿ ಆರಿಸಿದ ನೀರನ್ನು ಕೊಡಬೇಕು."

"ಮತ್ತೆ ಕುಡಿ!"

"ಅದು ಪರೀಕ್ಷೆಗೆ ಸಾ," ಎಂದು ಗೋಡೆಯತ್ತ ಮುಖ ಮಾಡಿದಳು. "ಇದು ಹೊಟ್ಟೆ."

ಮೈಯೆಲ್ಲ ಉರಿದುಹೋಯಿತು. ವರ್ಷವಿಡೀ ಬಡಕೊಂಡದ್ದು ಯಾರಿಗೆ? ಉಪ್ಪು ಹಾಕಿದ ತೆಳು ಗಂಜಿ ಮಾಡಿಸಿ, ಗದರಿಸಿ ಗದರಿಸಿ ಗುಟುಕು ಗುಟುಕಾಗಿ ಕುಡಿಸಿದೆ. ಸಂಜೆಗೆ ಕಣ್ಣು ಬಿಟ್ಟಳು. ಅಷ್ಟರಲ್ಲಿ ಹೊಟ್ಟೆ ನೀವುವವಳೂ ಬಂದು ನೀವಿದ್ದಳಲ್ಲ, ಅಜ್ಜಿ ಅವಳಿಗೆ ಎಲೆಅಡಿಕೆ ಕೊಟ್ಟು ಕೈಮುಗಿದಳು. ನನಗೆ "ಹೋಗ್ಬನ್ನಿ" ಅಷ್ಟೇ.

ಜೀವವೇನೋ ಉಳಿಯಿತು. ಆದರೆ ಬೆಳಗ್ಗೆ ಎದ್ದು ನಿಲ್ಲಲಾರದೆ ಮಧುಗಿರಿಯ ಪರೀಕ್ಷೆಗೆ ಬರಲಿಲ್ಲ. ಆ ಬೇಸಿಗೆಯಲ್ಲೇ ಪಾವಗಡದ ಕಡೆಗೆ ಮದುವೆ ಮಾಡಿ ಕಳಿಸಿಬಿಟ್ಟರು.

ಆ ವಿಜ್ಞಾನ ಪರೀಕ್ಷೆಯ ದಿನ, ಬರೆದು ಮುಗಿಸಿದ ಉಳಿದ ಮಕ್ಕಳು ಕುಣಿಯುತ್ತಾ ನನ್ನ ಬಳಿ ಬಂದರು. "ಅತಿಸಾರದ ಪ್ರಶ್ನೆ ಕೊಟ್ಟವ್ರೆ ಸಾ, ಎಲ್ಲಾರೂ ಬರದ್ವಿ!"

"ಮನೇಲಿ ಯಾರಿಗಾದ್ರೂ ಭೇದಿಯಾದ್ರೆ ನೀರು ಕೊಡ್ತೀರೇನ್ರೋ?" ಎಂದು ಕೇಳಿದೆ.

ಒಬ್ಬ, ನನಗೇ ಬುದ್ಧಿ ಹೇಳುವವನಂತೆ, "ಅಯ್ಯೋ, ಯಾರಾದ್ರೂ ಕೊಡ್ತಾರಾ ಸಾ?" ಎಂದ.