ಚಾವತ್ ನಾಯ್

ನನ್ನನ್ನು ನಾಯಿ ಕಚ್ಚಿತು. ಕಚ್ಚಬೇಕಾಗಿದ್ದ ನಾಯಿ ಅಲ್ಲ, ಇನ್ನೊಂದು.

ಅಥಣಿಯ ನಮ್ಮ ಓಣಿಗೆ ಮಿರಜದಿಂದ ಸುಲಭಾತಾಯಿ ಬಂದು ಎರಡು ತಿಂಗಳಾಯಿತು. ನಿವೃತ್ತ ನರ್ಸ್, ಒಬ್ಬರೇ, ಬಾಡಿಗೆ ಮನೆ. ಜೊತೆಗೆ ಎಮ್ಮೆಗರುವಿನಂಥ ಕರಿ ರಾಟ್‌ವೀಲರ್. ಹೆಸರು ಸೋನ್ಯಾ.

ನಾಯಿ ವಿಷಯದಲ್ಲಿ ನಮ್ಮಲ್ಲಿ ಎಲ್ಲರೂ ತಜ್ಞರು. (ಮೊಬೈಲ್ ಇದೆಯಲ್ಲ!) ರಾಟ್‌ವೀಲರ್ ಸಾಕಿದವನನ್ನೇ ತಿನ್ನುತ್ತದೆ. ಮುಧೋಳ ನಾಯಿ ತೆಳ್ಳಗಿದ್ದರೆ ಒಡೆಯ ಜಿಪುಣ. ಬಿಳಿ ಪಮೇರಿಯನ್ ಮಾತ್ರ ಮಗು, ಅದಕ್ಕೆ ಹಲ್ಲೇ ಇಲ್ಲ.

ಮನುಷ್ಯರ ತಳಿಯೂ ನಮಗೆ ಗೊತ್ತು. ಸುಲಭಾತಾಯಿ ಸದಾ ಗೇಟು ಹಾಕಿಕೊಂಡಿರುತ್ತಾರೆ. ಅಂದರೆ ಸೊಕ್ಕು.

ಒಂದು ದಿನ ಅವರ ಎದುರು ಮನೆಯ ಭರಮಣ್ಣ ಓಡಿ ಬಂದ. (ಓಡಿ ಬಂದನೋ, ನಡೆದು ಬಂದನೋ? ನನ್ನ ನೆನಪಿಗೆ ಜನರನ್ನು ಓಡಿಸುವ ಚಟ.)

"ಸರ್, ಖುದ್ದ ಆಕೀನ ಬಾಯಿಬಿಟ್ಟ ಹೇಳ್ಯಾಳ್ರಿ! ಗೇಟಿನ ಮುಂದ ಹಾದು ಹೊಂಟಿದ್ದೆ, 'ಚಾವತ್ ನಾಯ್' ಅಂದ್ಲು. ಕಚ್ಚೂ ನಾಯಿ ಅಂತ!"

ನಮ್ಮ ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಚಾವ್ ಅಂದರೆ ಕಚ್ಚು. ನಾಯ್ ಅಂದರೆ ನಾಯಿ. ಇನ್ನೇನು ಸಾಕ್ಷಿ ಬೇಕು? ಅವರ ಮನೆ ಮಾಲೀಕರಿಗೆ ಅರ್ಜಿ ತಯಾರಾಯಿತು. ನನ್ನಿಂದ ಬರೆಸಿದರು ಅನ್ನುತ್ತದೆ ನೆನಪು. ಅಕ್ಷರವೇನೋ ನನ್ನದೇ. ಹದಿನಾಲ್ಕು ಸಹಿ ಬಿದ್ದವು. ಮಾಲೀಕರು ಸುಲಭಾತಾಯಿಗೆ ಹತ್ತು ದಿನ ಕೊಟ್ಟರು: ನಾಯಿಯನ್ನಾದರೂ ಬಿಡಿ, ಮನೆಯನ್ನಾದರೂ ಬಿಡಿ.

ಅರ್ಜಿಯ ಪ್ರತಿ ಕೊಡಲು ಭರಮಣ್ಣನ ಅಂಗಳಕ್ಕೆ ಕಾಲಿಟ್ಟೆ. ಅವನ ಪಮೇರಿಯನ್ ಪಿಂಕಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ರಕ್ತ!

"ಏ, ಪಿಂಕಿ ಕಚ್ಚೂದಿಲ್ರಿ, ಆಟ ಆಡಾಕತ್ತೈತಿ," ಅಂದ ಭರಮಣ್ಣ.

ನನ್ನ ಕೂಗಿಗೆ ಗೇಟು ತೆರೆದು ಓಡಿಬಂದವರು ಸುಲಭಾತಾಯಿ. ತೋಳು ಹಿಡಿದು ಎಳೆದೊಯ್ದರು. ತಮ್ಮ ಅಂಗಳದ ನಳದ ಕೆಳಗೆ ನನ್ನ ಕಾಲಿಡಿಸಿ ಸಾಬೂನು ಹಚ್ಚಿದರು.

"ಹದಿನೈದು ಮಿನಿಟ್ ಹಂಗ ನಿಂದರ್ರಿ. ಆಮ್ಯಾಲ ದವಾಖಾನಿಗೆ ಹೋಗಿ ಇಂಜೆಕ್ಷನ್ ಮಾಡಿಸ್ಕೋರಿ."

ಅಷ್ಟರಲ್ಲಿ ಒಳಗಿನಿಂದ ಸೋನ್ಯಾ ಬಂದಿತು. ಕೈಯಲ್ಲಿದ್ದ ಅರ್ಜಿಯನ್ನೇ ಅಡ್ಡ ಹಿಡಿದೆ.

"ಘಾಬರು ನಕಾ, ಹೆದರಬ್ಯಾಡ್ರಿ," ಅಂದರು ಸುಲಭಾತಾಯಿ. "ಚಾವತ್ ನಾಯ್."

ಸೋನ್ಯಾ ನನ್ನ ಕೈ ಮೂಸಿತು. ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದದ್ದೇ ಬೆದರಿ ಮಂಚದ ಕೆಳಗೆ ಹೊಕ್ಕಿತು.

ಚಾವತ್ ನಾಹಿ. ಕಚ್ಚುವುದಿಲ್ಲ! ಮರಾಠಿಯ 'ಇಲ್ಲ' ರಸ್ತೆ ದಾಟುವಷ್ಟರಲ್ಲಿ ಕನ್ನಡದ ನಾಯಿಯಾಗಿತ್ತು. ಒಂದೇ ಭಾಷೆ ಬಲ್ಲವರು ಈ ತಪ್ಪು ಮಾಡಲಾರರು. ಎರಡೂ ಬರುತ್ತವೆ ಅಂತ ಮೀಸೆ ತಿರುವುವ ನಮಗೇ ಅದು ಸಾಧ್ಯ.

"ತಾಯಿ, ಗೇಟು ಯಾಕ ಯಾವಾಗ್ಲೂ ಹಾಕಿರ್ತೀರಿ?" ಅಂದೆ.

"ಮಿರಜದಾಗ ಹೇಳಿದ್ರಲ್ಲ, ಅಥಣ್ಯಾಗ ಮಂದಿಗೆ ಮರಾಠಿ ಅಂದ್ರ ಆಗೂದಿಲ್ಲ, ಸುಮ್ಮ ಇರು ಅಂತ. ನೀವು ಹದಿನಾಲ್ಕು ಮಂದಿ ಅರ್ಜಿ ಕೊಟ್ಟಿರಿ. ಖರೇನ ಅನ್ನಿಸ್ತು."

ಕಾಲು ತೊಳೆಸಿಕೊಳ್ಳುತ್ತಾ ನಿಂತೆ.

ದವಾಖಾನೆಯಿಂದ ನೇರ ಮಾಲೀಕರ ಹತ್ತಿರ ಹೋದೆ. ಅರ್ಜಿ ವಾಪಸ್ ಪಡೆಯುತ್ತೇವೆ ಅಂದೆ. "ಸಹಿ ಹಾಕಿದವರೆಲ್ಲ ಬಂದು ಹೇಳ್ರಿ, ನಂದೇನೂ ತಕರಾರಿಲ್ಲ," ಅಂದರು. ಸರಿ, ಮೊದಲ ಬಾಗಿಲು ಭರಮಣ್ಣನದು. ನಡೆದದ್ದನ್ನೆಲ್ಲ ಕೇಳಿ ಅವನು ಬಿದ್ದು ಬಿದ್ದು ನಕ್ಕ. ಆಮೇಲೆ ದನಿ ತಗ್ಗಿಸಿದ.

"ನಾಯಿ ಚೊಲೋ ಐತಿ ಅಂತನ ಇಟ್ಕೋರಿ ಸರ್. ಆದ್ರ ಒಂಟಿ ಹೆಣ್ಣಮಗಳು, ಇಷ್ಟ ದೊಡ್ಡ ನಾಯಿ ಯಾಕ ಬೇಕ್ರಿ ಆಕಿಗೆ?"

ನಮ್ಮಂಥವರ ನಡುವೆ ಬಾಳಬೇಕಲ್ಲ, ಅದಕ್ಕಿರಬಹುದೆ?